ಪ್ರಮೀಳಾ ಮಿಸ್ ಕಾಯಿಸಿದ ಕಲ್ಲು

ಪ್ರಮೀಳಾ ಹುಟ್ಟಿ ಬೆಳೆದದ್ದು ಜಗಳೂರು ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ. ಅವರ ಮನೆಯ ಹಿತ್ತಿಲು ಮುಗಿಯುವಲ್ಲಿಗೆ ಒಂದು ಬೋಳು ಬಂಡೆ ಶುರುವಾಗುತ್ತಿತ್ತು. ಹುಲ್ಲುಕಡ್ಡಿಯೂ ಹುಟ್ಟದ ಬಂಡೆ. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಬರಿಗಾಲು ಇಡುವಂತಿರಲಿಲ್ಲ. ಹೊತ್ತು ಮುಳುಗಿ ಗಾಳಿ ತಣ್ಣಗಾದ ಮೇಲೆ ಮನೆಮಂದಿಯೆಲ್ಲ ಚಾಪೆ ಹಿಡಿದುಕೊಂಡು ಅದರ ಮೇಲೇ ಹೋಗಿ ಕೂರುತ್ತಿದ್ದರು. ಆಗ ಒಂದೊಂದು ಸಲ ಬಂಡೆಯ ಒಳಗಿಂದ ಟಪ್ಪಂತ ಸದ್ದು ಬರುತ್ತಿತ್ತು. ಮೊದಲ ಸಲ ಕೇಳಿದಾಗ ಹುಡುಗಿ ಹೆದರಿ ಅಪ್ಪನ ತೊಡೆಗೆ ಅಂಟಿಕೊಂಡಿದ್ದಳು.

ಅಪ್ಪ ಚಿತ್ತಪ್ಪ ಕುರಿ ಮೇಯಿಸುವ ಮನುಷ್ಯ. "ಅಂಜಬ್ಯಾಡವ್ವ, ಬಂಡೆ ಮೈ ಮುರೀತೈತೆ," ಅಂದಿದ್ದ. "ಹಗಲೆಲ್ಲ ಕಾದು ಉಬ್ಬಿರ್ತೈತಲ್ಲ, ಈಗ ಕುಗ್ಗಬೇಕು. ಎಲ್ಲಾ ಕಡೆ ಒಂದೇ ಸಮ ಕುಗ್ಗಾಕೆ ಆಗಲ್ಲ. ಅದಕ್ಕೇ ಸದ್ದು." ಆಮೇಲೆ ಅವಳನ್ನು ಬಂಡೆಯ ಅಂಚಿಗೆ ಕರೆದೊಯ್ದು ಮುಷ್ಟಿಯಿಂದ ಗುದ್ದಿ ತೋರಿಸಿದ. ಅಲ್ಲಿ ಕಲ್ಲು ಕಾಳು ತೆಗೆದು ಖಾಲಿಯಾದ ಹಗೇವಿನ ಹಾಗೆ ದಬ್ ದಬ್ ಅಂದಿತು. ಮೇಲಿನ ಪದರ ಈರುಳ್ಳಿ ಸಿಪ್ಪೆಯಂತೆ ಎದ್ದು, ಒಳಗಿನದರಿಂದ ಬೇರೆಯಾಗಿತ್ತು.

ಮುಂದೆ ಓದುವಾಗ ಪುಸ್ತಕದಲ್ಲಿ ಶಿಲೆಗಳ ಶಿಥಿಲೀಕರಣ ಅನ್ನುವ ಪಾಠ ಬಂದಾಗ, ಪ್ರಮೀಳಾ ಆ ಪುಟವನ್ನು ಎರಡು ಮೂರು ಸಲ ಓದಿಕೊಂಡಳು. ತಮ್ಮ ಹಿತ್ತಿಲ ಬಂಡೆ ಪುಸ್ತಕದಲ್ಲಿದೆ! ಭೂಗೋಳ ಓದಬೇಕು, ಓದಿ ಅದನ್ನೇ ಕಲಿಸಬೇಕು ಅಂತ ಅವಳಿಗೆ ಹಟ ಹುಟ್ಟಿದ್ದು ಆ ದಿನ.

ಓದಿದಳು, ಬಿ.ಎಡ್. ಮಾಡಿದಳು, ಕೆಲಸವೂ ಸಿಕ್ಕಿತು. ಚನ್ನಗಿರಿಯಲ್ಲಿ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಪ್ರವೀಣ್ ಕುಮಾರನ ಜೊತೆ ಮದುವೆಯಾಯಿತು. ಸೂಳೆಕೆರೆಯ ಬದಿಯ ಒಂದು ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರಾದಳು. ದಿನಾ ಬೆಳಿಗ್ಗೆ ಬಸವಾಪಟ್ಟಣದ ಬಸ್ಸು ಹತ್ತಿ ಹೋಗುವುದು, ಸಂಜೆ ಅದೇ ಬಸ್ಸಿನಲ್ಲಿ ತಿರುಗಿ ಬರುವುದು.

ಆ ಶಾಲೆಯಲ್ಲಿ ಸಮಾಜ ಅಂದರೆ ಯಾರಿಗೂ ಲೆಕ್ಕಕ್ಕಿರಲಿಲ್ಲ. ಗಣಿತದ ಪಾಠ ಉಳಿದಿದ್ದರೆ ಸಮಾಜದ ಪೀರಿಯಡ್ಡು ಕೊಡಬೇಕು. ಇಂಗ್ಲಿಷಿನ ಟೆಸ್ಟ್ ಇದ್ದರೂ ಕೊಡಬೇಕು. ವಿಜ್ಞಾನದ ಪ್ರಸನ್ನಕುಮಾರ್ ಸರ್ ಸ್ಟಾಫ್ ರೂಮಿನಲ್ಲಿ ನಗುತ್ತಾ, "ನಿಮ್ದೇನ್ರೀ ಮೇಡಂ, ಓದಿಸಿದ್ರೆ ಮುಗೀತು," ಅನ್ನುತ್ತಿದ್ದರು. ಪ್ರಮೀಳಾ ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಆ ಮಾತು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಆ ವರ್ಷ ಎಂಟನೇ ಕ್ಲಾಸಿಗೆ ಶಿಥಿಲೀಕರಣದ ಪಾಠ ಮಾಡಿದಳು. ಮಕ್ಕಳು ಮಾರನೆಯ ದಿನವೇ ಉತ್ತರ ಬಾಯಿಪಾಠ ಒಪ್ಪಿಸಿದರು. ಉಷ್ಣಾಂಶದ ವ್ಯತ್ಯಾಸದಿಂದ ಶಿಲೆಗಳು ಹಿಗ್ಗುತ್ತವೆ ಮತ್ತು ಕುಗ್ಗುತ್ತವೆ, ಇದರಿಂದ ಬಿರುಕು ಬಿಟ್ಟು ಒಡೆಯುತ್ತವೆ. ಒಬ್ಬರಾದ ಮೇಲೆ ಒಬ್ಬರು, ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ. ಆಗ ಮೇಘಶ್ರೀ ಅನ್ನುವ ಹುಡುಗಿ ಎದ್ದು ನಿಂತಳು. ಅವಳ ತಾಯಿ ಅನ್ನಪೂರ್ಣ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವವಳು. ತಂದೆ ಲಾರಿಯ ಮೇಲೆ, ಮನೆಯಲ್ಲಿರುವುದೇ ಅಪರೂಪ.

"ಮಿಸ್, ಹಿಗ್ಗೋದು ಅಂದ್ರೆ ನಿಜವಾಗ್ಲೂ ದೊಡ್ಡದಾಗ್ತೈತಾ? ನಮ್ಮನೆ ಬಟ್ಟೆ ಒಗೆಯೋ ಕಲ್ಲು ದಿನಾ ಬಿಸಿಲಲ್ಲೇ ಇರ್ತೈತೆ. ಒಂಚೂರೂ ದೊಡ್ಡದಾಗಿಲ್ಲ."

ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ಮೇಘಶ್ರೀ ನಗಲಿಲ್ಲ, ಕೂರಲೂ ಇಲ್ಲ. ಉತ್ತರಕ್ಕೆ ಕಾಯುತ್ತಾ ನಿಂತೇ ಇದ್ದಳು. ಇಷ್ಟು ವರ್ಷದ ನೌಕರಿಯಲ್ಲಿ ಪ್ರಮೀಳಾಗೆ ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ.

"ಕಣ್ಣಿಗೆ ಕಾಣೋದಿಲ್ಲ ಕಣೇ, ಕಿವಿಗೆ ಕೇಳಿಸ್ತೈತೆ," ಅಂದಳು. "ತಡಿ, ಕೇಳಿಸ್ತೀನಿ."

ಅವತ್ತು ಸಂಜೆ ರಸ್ತೆ ಬದಿಯಲ್ಲಿ ಬಿದ್ದಿದ್ದ ಜಲ್ಲಿಕಲ್ಲು ಆರಿಸಿ ತಂದು ಮನೆಯ ಗ್ಯಾಸ್ ಒಲೆಯ ಮೇಲಿಟ್ಟು ಕಾಯಿಸಿದಳು. ಇಕ್ಕಳದಲ್ಲಿ ಹಿಡಿದು ಬಕೆಟ್ಟಿನ ನೀರಿಗೆ ಹಾಕಿದಾಗ ಚಟ್ ಅಂತ ಸದ್ದಾಗಿ ಕಲ್ಲು ಎರಡು ಹೋಳಾಯಿತು. ಖುಷಿಯಿಂದ ಇನ್ನೊಂದು ಇಟ್ಟಳು. ಪ್ರವೀಣ್ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು, "ಅನ್ನ ಮಾಡೋ ಒಲೆ ಮೇಲೆ ಕಲ್ಲು ಬೇಯಿಸ್ತಿದೀಯಲ್ಲ, ನೋಡಿದೋರು ಏನಂದಾರು?" ಅಂದ. "ಪಾಠಕ್ಕೆ ಬೇಕು," ಅಂದಳು ಅವಳು. ಎರಡನೆಯದೂ ಅಷ್ಟೇ ಚೆನ್ನಾಗಿ ಒಡೆಯಿತು.

ಹೆಡ್‌ಮಾಸ್ಟರು ಮಹೇಶ್ವರಪ್ಪನವರನ್ನು ಕೇಳಿದಾಗ ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, "ಮಾಡಿ ಮೇಡಂ, ಖಂಡಿತ ಮಾಡಿ. ಫೋಟೋ ಚೆನ್ನಾಗಿ ಬರಂಗೆ ಮಾಡಿ, ವಾಟ್ಸಾಪ್ ಗ್ರೂಪಿಗೆ ಹಾಕೋಣ. ಚಟುವಟಿಕೆ, ಚಟುವಟಿಕೆ ಅಂತ ಮೇಲಿನೋರು ತಲೆ ತಿಂತಾ ಅವರೆ," ಅಂದರು. ಪ್ರಸನ್ನಕುಮಾರ್ ಹತ್ತಿರ ಬರ್ನರ್ ಕೇಳಿದಳು. ಸ್ಪಿರಿಟ್ ಮುಗಿದು ವರ್ಷವಾಯಿತು ಅಂದರು. ಕಲ್ಲು ಕಾಯಿಸುವ ವಿಚಾರ ಅವರಿಗೆ ತಮಾಷೆಯಾಗಿ ಕಂಡಿತು. "ಸಮಾಜದಲ್ಲೂ ಪ್ರಯೋಗ ಶುರುವಾಯ್ತಾ?" ಅಂದರು. ಇದರಲ್ಲಿ ಏನಾದರೂ ಅಪಾಯವಿದೆಯೇ ಅಂತ ಅವಳು ಕೇಳಲಿಲ್ಲ. ಆ ನಗು ನೋಡಿದ ಮೇಲೆ ಕೇಳಲು ಮನಸ್ಸು ಬರಲಿಲ್ಲ.

ಶನಿವಾರ ಬೆಳಗಿನ ಶಾಲೆ. ಅಂಗಳದಲ್ಲಿ ಇಟ್ಟಿಗೆ ಜೋಡಿಸಿ, ಅಡುಗೆಯವರಿಂದ ಸೌದೆ ಇಸಿದುಕೊಂಡು ಬೆಂಕಿ ಮಾಡಿದಳು. ಮಕ್ಕಳನ್ನು ದೂರ ನಿಲ್ಲಿಸಿ, ನೆಲದ ಮೇಲೆ ಸುಣ್ಣದ ಗೆರೆ ಎಳೆದಳು. ಮಹೇಶ್ವರಪ್ಪನವರೇ ಬಂದು ಮೊಬೈಲಿನಲ್ಲಿ ಫೋಟೋ ತೆಗೆದು, ತಲೆಯಾಡಿಸಿಕೊಂಡು ಒಳಗೆ ಹೋದರು. ಮೊದಲ ಜಲ್ಲಿಕಲ್ಲು ನೀರಿಗೆ ಬಿದ್ದು ಚಟ್ ಅಂದಾಗ ಮಕ್ಕಳು ಹೋ ಎಂದು ಕೂಗಿ ಚಪ್ಪಾಳೆ ಹೊಡೆದರು. ಪ್ರಮೀಳಾ ಅವರಿಗೆಲ್ಲ ತನ್ನ ಅಪ್ಪನ ಬಂಡೆಯ ಕಥೆ ಹೇಳಿದಳು. ಅವಳ ನೌಕರಿಯಲ್ಲೇ ಅಂಥ ಬೆಳಗು ಬಂದಿರಲಿಲ್ಲ.

ಆಗ ಮೇಘಶ್ರೀ ಗೆರೆ ದಾಟಿ ಹತ್ತಿರ ಬಂದಳು. ವೇಲಿನ ಸೆರಗಿನಲ್ಲಿ ಏನೋ ಕಟ್ಟಿಕೊಂಡಿದ್ದಳು. ಬಿಚ್ಚಿದರೆ ನುಣ್ಣನೆಯ, ಗುಂಡನೆಯ, ಬೂದಿ ಬಣ್ಣದ ಕಲ್ಲುಗಳು. ಬೆಳಿಗ್ಗೆ ಶಾಲೆಗೆ ಬರುವಾಗ ಕೆರೆಯ ದಡದ ನೀರಿಗೆ ಕೈ ಹಾಕಿ ಆರಿಸಿದ್ದಳಂತೆ.

"ಮಿಸ್, ಇವೂ ಹಾಕಿ. ಇವು ನಮ್ಮೂರಿನ ಕಲ್ಲು."

ಪ್ರಮೀಳಾ ಕಲ್ಲು ಮುಟ್ಟಿ ನೋಡಿದಳು. ತಣ್ಣಗಿದ್ದವು. ವೇಲಿನ ಬಟ್ಟೆಯೂ ಒದ್ದೆಯಾಗಿತ್ತು. ಮೇಲೆ ಒರೆಸಿ, ಎರಡನ್ನು ಆರಿಸಿ, ತಾನೇ ಇಕ್ಕಳದಲ್ಲಿ ಹಿಡಿದು ಕೆಂಡದ ನಡುವೆ ಇಟ್ಟಳು. ಅವಳು ಹುಟ್ಟಿದ ಊರಿನ ಕಲ್ಲು ವರ್ಷವಿಡೀ ಬಿಸಿಲು ಕಂಡ ಕಲ್ಲು. ನೀರಿನಲ್ಲಿ ನೆನೆದ ಕಲ್ಲು ಬೆಂಕಿಗೆ ಬಿದ್ದರೆ ಏನಾಗುತ್ತದೆ ಅನ್ನುವುದು ಅವಳಿಗೂ ಗೊತ್ತಿರಲಿಲ್ಲ, ಅವಳ ಅಪ್ಪನಿಗೂ ಗೊತ್ತಿರಲಿಲ್ಲ. ಹುಡುಗಿಗೆ ಗೆರೆಯಾಚೆ ಹೋಗು ಅಂದಳು. ಮೇಘಶ್ರೀ ಹೋದಳು. ಆದರೆ ಪ್ರಮೀಳಾ ಬಕೆಟ್ಟಿಗೆ ನೀರು ತುಂಬಿಸಲು ಆ ಕಡೆ ತಿರುಗಿದಾಗ, ಕಲ್ಲು ಹಿಗ್ಗುವುದು ಕಾಣುತ್ತದೇನೋ ಅಂತ ಮತ್ತೆ ಬಂದು ಬಗ್ಗಿ ನೋಡುತ್ತಿದ್ದಳು.

ಪಟಾಕಿ ಹೊಡೆದಂತೆ ಸದ್ದಾಯಿತು. ಬೂದಿ, ಕೆಂಡ ಮೇಲಕ್ಕೆ ಹಾರಿದವು. ಪ್ರಮೀಳಾ ತಿರುಗುವಷ್ಟರಲ್ಲಿ ಮೇಘಶ್ರೀ ಬಲಗಣ್ಣಿನ ಮೇಲೆ ಎರಡೂ ಕೈ ಒತ್ತಿಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು.

ಪ್ರಸನ್ನಕುಮಾರ್ ತಮ್ಮ ಕಾರು ತೆಗೆದರು. ದಾವಣಗೆರೆಯ ಕಣ್ಣಿನ ಆಸ್ಪತ್ರೆಯವರೆಗೆ ಪ್ರಮೀಳಾ ಹುಡುಗಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ದಾರಿಯಲ್ಲಿ ಪ್ರಸನ್ನಕುಮಾರ್ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಹೇಳಿದರು: "ಕೆರೆ ಕಲ್ಲಲ್ಲವೇನ್ರೀ? ಒಳಗೆ ಸಣ್ಣ ಸಣ್ಣ ಬಿರುಕಿನಾಗೆ ನೀರು ಸೇರ್ಕಂಡಿರ್ತೈತೆ. ಕಾದಾಗ ಆವಿ ಆಗಿ, ಹೋಗಾಕೆ ದಾರಿ ಸಿಗದೆ ಸಿಡೀತೈತೆ. ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ."

ಡಾಕ್ಟರು ಆಪರೇಷನ್ ಮಾಡಿ ಚೂರು ತೆಗೆದರು. ಕಣ್ಣು ಉಳಿಯಿತು, ದೃಷ್ಟಿ ಉಳಿಯಲಿಲ್ಲ.

ಬೆಂಚಿನ ಮೇಲೆ ಕೂತಿದ್ದ ಪ್ರಮೀಳಾ ಮೊಬೈಲು ತೆಗೆದು ನೋಡಿದಳು. ಬೆಳಿಗ್ಗೆ ಮಹೇಶ್ವರಪ್ಪನವರು ಗ್ರೂಪಿಗೆ ಹಾಕಿದ್ದ ಫೋಟೋ, ಅದರ ಕೆಳಗೆ ಅವರೇ ಬರೆದಿದ್ದ 'ನಮ್ಮ ಶಾಲೆಯ ಹೆಮ್ಮೆಯ ಚಟುವಟಿಕೆ' ಅನ್ನುವ ಮಾತು, ಯಾವುದೂ ಇರಲಿಲ್ಲ. ಸಂದೇಶ ಅಳಿಸಲಾಗಿದೆ ಅಂತಷ್ಟೇ ಇತ್ತು. ಅದರ ಕೆಳಗೆ ಬಂದಿದ್ದ ಚಪ್ಪಾಳೆಯ ಗುರುತುಗಳನ್ನು ಹಾಕಿದವರೆಲ್ಲ ಒಬ್ಬೊಬ್ಬರಾಗಿ ಅಳಿಸುತ್ತಿದ್ದರು.

ಸೋಮವಾರ ಶಾಲೆಯ ಮುಂದೆ ಊರಿನವರು ಸೇರಿದರು. "ನನ್ನನ್ನು ಒಂದು ಮಾತೂ ಕೇಳದೆ ಬೆಂಕಿ ಹಚ್ಚಿಸಿದ್ದಾರೆ," ಅಂದರು ಮಹೇಶ್ವರಪ್ಪ, ಅವಳ ಎದುರಿಗೇ, ಅವಳ ಮುಖ ನೋಡಿಕೊಂಡೇ. "ಸಮಾಜ ವಿಜ್ಞಾನದಾಗೆ ಪ್ರಯೋಗ ಎಲ್ಲೈತ್ರೀ? ನೀವೇ ಹೇಳ್ರಿ." ಜನ ಹೌದು ಹೌದು ಅಂದರು. ಪ್ರಮೀಳಾ ಪ್ರಸನ್ನಕುಮಾರ್ ಕಡೆ ನೋಡಿದಳು. ಅವರು ಚಪ್ಪಲಿಯ ತುದಿಯಿಂದ ನೆಲ ಕೆದಕುತ್ತಿದ್ದರು. ಆಮೇಲೆ ಸ್ಟಾಫ್ ರೂಮಿನಲ್ಲಿ ಒಬ್ಬರೇ ಸಿಕ್ಕಾಗ, "ಸರ್, ನೀವು ಫೋಟೋ ನೋಡಿದ್ರಿ," ಅಂದಳು. "ನೋಡಿದ್ದೆ ಮೇಡಂ," ಅಂದರು ಅವರು. "ಆದ್ರೆ ನಾನೂ ಸರ್ವೀಸ್ ಮಾಡಬೇಕಲ್ಲ. ಇಲ್ಲೇ ಮಾಡಬೇಕಲ್ಲ." ವಾರದೊಳಗೆ ಅವಳಿಗೆ ಸಸ್ಪೆನ್ಷನ್ ಆಯಿತು.

ಹುಡುಗಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಪ್ರಮೀಳಾ ನೋಡಲು ಹೋದಳು. ಹೋಗಬೇಡ, ಹೊಡೆದಾರು ಅಂತ ಪ್ರವೀಣ್ ಹೇಳಿದ್ದ. ಯಾರೂ ಹೊಡೆಯಲಿಲ್ಲ. ಅನ್ನಪೂರ್ಣ ಜಗುಲಿಯ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದಳು. ಕೆಲಸ ನಿಲ್ಲಿಸಲಿಲ್ಲ.

"ಬರ್ರಿ ಮೇಡಂ. ನಿಮ್ಮ ಹೆಸರೇ ಹೇಳ್ತಿದ್ಲು ದಿನಾ. ಪ್ರಮೀಳಾ ಮಿಸ್ಸು, ಪ್ರಮೀಳಾ ಮಿಸ್ಸು ಅಂತ. ಬೇರೆ ಮಕ್ಕಳಂಗೆ ಸುಮ್ನೆ ಕೂರೋ ಹುಡುಗಿ ಆಗಿದ್ರೆ ಇವತ್ತು ಹಿಂಗಾಗ್ತಿರಲಿಲ್ಲ." ಸುಲಿದ ಅಡಿಕೆಯನ್ನು ಬುಟ್ಟಿಗೆ ಎಸೆದಳು. "ಕೇಳು ಕೇಳು ಅಂತ ನೀವೇ ಕಲಿಸಿದ್ರಂತೆ. ನಾನು ಬಾಯಿ ಮುಚ್ಚಿ ಕೂತ್ಕ ಅಂತಿದ್ದೆ. ನನ್ನ ಮಾತೇ ಸರಿ ಆಯ್ತು ನೋಡ್ರಿ."

ಒಳಗೆ ಮೇಘಶ್ರೀ ಗೋಡೆಗೆ ಒರಗಿ ಕೂತಿದ್ದಳು. ಅರ್ಧ ಮುಖ ಬಿಳಿ ಬಟ್ಟೆ. ಪ್ರಮೀಳಾ ಹತ್ತಿರ ಕೂತು ಕೈ ಹಿಡಿದುಕೊಂಡಳು. ಮೊದಲು ಮಾತಾಡಿದ್ದು ಹುಡುಗಿಯೇ.

"ಮಿಸ್, ನಿಮ್ಮ ಕಲ್ಲು ಯಾಕೆ ಸಿಡೀಲಿಲ್ಲ? ನನ್ನ ಕಲ್ಲು ಯಾಕೆ ಸಿಡೀತು?"

ಕೇಳಿದ್ದಕ್ಕೆ ಉತ್ತರ ಹೇಳಿ ಹೇಳಿ ಅಭ್ಯಾಸವಾದವಳು ಪ್ರಮೀಳಾ. ಅದೇ ಅಭ್ಯಾಸದಲ್ಲಿ ಹೇಳಿಬಿಟ್ಟಳು. ನೀರಿನಲ್ಲಿದ್ದ ಕಲ್ಲು, ಒಳಗೆ ಸೇರಿದ ತೇವ, ಕಾದಾಗ ಆಗುವ ಆವಿ. ಮೇಘಶ್ರೀ ಒಂಟಿ ಕಣ್ಣನ್ನು ಅವಳ ಮೇಲೇ ನೆಟ್ಟು ಕೇಳಿಸಿಕೊಂಡಳು. ಅರ್ಥವಾಯಿತು ಅನ್ನುವಂತೆ ತಲೆಯಾಡಿಸಿದಳು.

"ಹಂಗಾದ್ರೆ ನಾನು ಬಿಸಿಲಲ್ಲಿ ಒಣಗಿಸಿ ತಂದಿದ್ರೆ ಆಗ್ತಿರಲಿಲ್ಲ. ತಪ್ಪು ನಂದೇ."

"ಇಲ್ಲ ಕಣೇ! ನಾನು ನೋಡಬೇಕಿತ್ತು. ನಾನು ತಾನೇ ಇಟ್ಟಿದ್ದು?"

"ತಂದಿದ್ದು ನಾನಲ್ವಾ ಮಿಸ್."

ಎಷ್ಟು ಹೇಳಿದರೂ ಅವಳು ಆ ಮಾತು ಬಿಡಲಿಲ್ಲ. ಎಂಟನೇ ಕ್ಲಾಸಿನಲ್ಲಿ ಪಾಠ ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡ ಹುಡುಗಿ ಇನ್ನೊಬ್ಬಳಿರಲಿಲ್ಲ. ಪ್ರಮೀಳಾ ಹೊರಗೆ ಬಂದು ಚಪ್ಪಲಿ ಮೆಟ್ಟಿ ಬಸ್ಸು ಹತ್ತಿದಳು. ಗೊತ್ತಿಲ್ಲ ಅಂತ ಒಂದು ಸುಳ್ಳು ಹೇಳಲು ತನ್ನಿಂದ ಆಗಲಿಲ್ಲವಲ್ಲ ಅಂತ ಬಸ್ಸಿನುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಹುಡುಗಿ ಆಡಿದ ಮಾತು ಮನೆಯೊಳಗೆ ಉಳಿಯಲಿಲ್ಲ. ಕಲ್ಲು ತಂದವಳು ಹುಡುಗಿಯೇ ಅಂತೆ, ಅವಳೇ ಒಪ್ಪಿಕೊಂಡಳಂತೆ ಅಂತ ಊರೆಲ್ಲ ಹರಡಿತು. ವಿಚಾರಣೆಗೆ ಬಂದ ಅಧಿಕಾರಿಯ ಕಿವಿಗೂ ಬಿತ್ತು. ಒಳ್ಳೆಯ ಮನುಷ್ಯನ ಹಾಗೆ ಕಾಣುತ್ತಿದ್ದ ಅವರು ಪ್ರಮೀಳಾಗೆ ಕುರ್ಚಿ ತೋರಿಸಿ, ದನಿ ತಗ್ಗಿಸಿ ಹೇಳಿದರು: "ನೋಡಮ್ಮ, ಹುಡುಗಿ ನಿಮಗೆ ಗೊತ್ತಿಲ್ಲದಂಗೆ ಕಲ್ಲು ತಂದು, ನೀವು ಆ ಕಡೆ ತಿರುಗಿದಾಗ ಬೆಂಕಿಗೆ ಹಾಕಿದ್ಲು ಅಂತ ಬರೆದುಕೊಡಿ. ಅದು ಮಕ್ಕಳ ತುಂಟತನ ಆಗ್ತದೆ. ನಿಮಗೂ ಒಳ್ಳೇದು, ಶಾಲೆಗೂ ಒಳ್ಳೇದು." ಪಕ್ಕದಲ್ಲಿ ಕೂತಿದ್ದ ಮಹೇಶ್ವರಪ್ಪನವರು ಹೊಸ ಪೆನ್ನಿನ ಮುಚ್ಚಳ ತೆಗೆದು ಅವಳ ಕಡೆ ಸರಿಸಿದರು.

ಹಿಂದಿನ ದಿನ ಮನೆಯಲ್ಲೂ ಇದೇ ಮಾತು ಬಂದಿತ್ತು. "ಹುಡುಗೀನೇ ಹೇಳ್ತಿದಾಳಲ್ಲ ತಪ್ಪು ನಂದು ಅಂತ," ಅಂದಿದ್ದ ಪ್ರವೀಣ್. "ನೀನು ಬರೆದ್ರೆ ಅವಳ ಕಣ್ಣೇನೂ ಹೋಗಲ್ಲ, ಹೋಗಿದ್ದು ಹೋಯ್ತು." ಅವನು ಕೆಟ್ಟವನಲ್ಲ. ಹೆಂಡತಿಯ ಕೆಲಸ ಹೋದೀತು ಅಂತ ಹೆದರಿದ್ದ, ಅಷ್ಟೇ. ಆದರೂ ಆ ಮಾತಾಡಿದವನ ಜೊತೆ ಅವತ್ತು ಊಟಕ್ಕೆ ಕೂರಲು ಅವಳಿಗೆ ಆಗಲಿಲ್ಲ.

ಪ್ರಮೀಳಾ ಪೆನ್ನು ತೆಗೆದುಕೊಂಡು ಬರೆದಳು. ಕಲ್ಲನ್ನು ಬೆಂಕಿಗೆ ಇಟ್ಟವಳು ನಾನು. ಒದ್ದೆ ಇರುವುದು ಕೈಗೆ ಗೊತ್ತಾಗಿತ್ತು. ವಿದ್ಯಾರ್ಥಿನಿಯ ತಪ್ಪಿಲ್ಲ. ಹೆಡ್‌ಮಾಸ್ಟರು ಅನುಮತಿ ಕೊಟ್ಟಿದ್ದರು ಅನ್ನುವುದನ್ನೂ ಬರೆದಳು. ಅಧಿಕಾರಿ ಓದಿ, ಆ ಕೊನೆಯ ಸಾಲಿಗೆ ಸಾಕ್ಷಿ ಇದೆಯೇ ಅಂತ ಕೇಳಿದರು. ಇರಲಿಲ್ಲ. "ಹಂಗಾದ್ರೆ ಇದೊಂದು ಬೇಡ," ಅಂದರು. ಅವಳು ಆ ಸಾಲು ಹೊಡೆದುಹಾಕಲಿಲ್ಲ. ಮೇಲಿನವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಅಷ್ಟೇ.

ಸಸ್ಪೆನ್ಷನ್ ತೆಗೆದು, ಅವಳ ಬಡ್ತಿ ತಡೆದು ನ್ಯಾಮತಿ ತಾಲ್ಲೂಕಿನ ಒಂದು ಶಾಲೆಗೆ ಹಾಕಿದರು. ಮಹೇಶ್ವರಪ್ಪನವರು ಮರುವರ್ಷ ಶಾಲು ಹೊದ್ದು, ಹಾರ ಹಾಕಿಸಿಕೊಂಡು ನಿವೃತ್ತರಾದರು. ಸತ್ಯ ಬರೆದದ್ದರಿಂದ ಮೇಘಶ್ರೀಗೇನೂ ಉಪಯೋಗವಾಗಲಿಲ್ಲ. ಊರಿನಲ್ಲಿ ಯಾರೂ ಆ ಕಾಗದ ನೋಡಿರಲಿಲ್ಲ. ತಾನೇ ತಂದ ಕಲ್ಲಿನಿಂದ ಕಣ್ಣು ಕಳೆದುಕೊಂಡ ಹುಡುಗಿ ಅನ್ನುವ ಮಾತು ಹಾಗೇ ಉಳಿಯಿತು. ಪ್ರಮೀಳಾ ಹೊಸ ಶಾಲೆಯಲ್ಲಿ ಪ್ರತಿ ವರ್ಷ ಆ ಪಾಠ ಬಂದಾಗ ಪ್ರಶ್ನೆ, ಉತ್ತರ ಎರಡನ್ನೂ ಬೋರ್ಡಿನ ಮೇಲೆ ಬರೆದು ಮುಗಿಸುತ್ತಿದ್ದಳು. ಶಿಸ್ತಿನ ಟೀಚರು ಅಂತ ಅಲ್ಲಿ ಒಳ್ಳೆಯ ಹೆಸರು ಬಂತು.

ನಾಲ್ಕು ವರ್ಷವಾದ ಮೇಲೆ ಒಂದು ಬೆಳಿಗ್ಗೆ ಶಾಲೆಗೆ ಹೊರಟ ಪ್ರಮೀಳಾ ಹೊನ್ನಾಳಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಜಾಗ ಹುಡುಕಿ ಕೂತಳು. ಪಕ್ಕದಲ್ಲಿ ಕಿಟಕಿಯ ಕಡೆ ಕೂತಿದ್ದ ಹುಡುಗಿ ತಿರುಗಿ ನೋಡಲಿಲ್ಲ. ಟಿಕೆಟ್ ತೆಗೆದುಕೊಳ್ಳುವಾಗ ಕಂಡಕ್ಟರಿಗೆ ಕೈ ಚಾಚಿದ ಹುಡುಗಿ ಪೂರ್ತಿ ಮುಖ ತಿರುಗಿಸಿದಾಗಲೇ ಗುರುತು ಸಿಕ್ಕಿದ್ದು. ಎತ್ತರವಾಗಿದ್ದಳು. ದಪ್ಪ ಫ್ರೇಮಿನ ಕನ್ನಡಕ ಹಾಕಿದ್ದಳು.

"ಮಿಸ್," ಅಂದಳು ಮೇಘಶ್ರೀ. ದನಿಯಲ್ಲಿ ಸಿಟ್ಟಿರಲಿಲ್ಲ, ಸಂತೋಷವೂ ಇರಲಿಲ್ಲ. ಹೊನ್ನಾಳಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಪಿಯುಸಿ ಓದುತ್ತಿದ್ದೇನೆ, ರಜೆಗೆ ಊರಿಗೆ ಹೋಗಿ ಈಗ ವಾಪಸ್ ಹೋಗುತ್ತಿದ್ದೇನೆ ಅಂದಳು.

"ಏನು ತಗೊಂಡಿದೀಯ?"

"ಕಾಮರ್ಸ್. ಸೈನ್ಸಿಗೆ ಮಾರ್ಕ್ಸ್ ಬಂದಿತ್ತು. ಅಮ್ಮ ಬಿಡಲಿಲ್ಲ. ಅಲ್ಲಿ ಲ್ಯಾಬ್ ಇರ್ತೈತಲ್ಲ."

"ನಿನಗೆ ಇಷ್ಟ ಇತ್ತಾ?"

"ಇತ್ತೇನೋ. ಈಗ ನೆನಪಿಲ್ಲ ಮಿಸ್."

ಪ್ರಮೀಳಾ ಕ್ಷಮಿಸು ಅನ್ನಬೇಕು ಅಂದುಕೊಂಡಳು. ಆ ಮಾತು ಹೇಳಿದರೆ ಹುಡುಗಿ ಮತ್ತೆ ತಪ್ಪು ನಂದೇ ಅನ್ನುತ್ತಾಳೆ ಅಂತ ಹೆದರಿ ಸುಮ್ಮನಾದಳು. ಹೊನ್ನಾಳಿ ಹತ್ತಿರ ಬಂದಾಗ ಮೇಘಶ್ರೀ ಬ್ಯಾಗು ಹೆಗಲಿಗೆ ಹಾಕಿಕೊಂಡಳು. ಏಳುವ ಮೊದಲು ಸಣ್ಣ ದನಿಯಲ್ಲಿ ಹೇಳಿದಳು:

"ಮಿಸ್, ನಮ್ಮ ಕಾಲೇಜಲ್ಲಿ ಯಾರಿಗೂ ಗೊತ್ತಿಲ್ಲ. ಹುಟ್ಟಿದಾಗಿಂದ ಹಿಂಗೇ ಅಂತ ಹೇಳಿದೀನಿ. ಹಂಗಂದ್ರೆ ಯಾರೂ ಹೆಚ್ಚಿಗೆ ಕೇಳಲ್ಲ. ನೀವೂ ಎಲ್ಲೂ ಹೇಳಬೇಡಿ."

"ಹೇಳಲ್ಲವ್ವ," ಅಂದಳು ಪ್ರಮೀಳಾ.

ಸ್ಟ್ಯಾಂಡಿನಲ್ಲಿ ಹುಡುಗಿಯ ಗೆಳತಿಯರು ಕಾಯುತ್ತಿದ್ದರು. ಪಕ್ಕದಲ್ಲಿ ಕೂತಿದ್ದವರು ಯಾರು ಅಂತ ಒಬ್ಬಳು ಕೇಳಿದ್ದು ಕಿಟಕಿಯಿಂದ ಕೇಳಿಸಿತು. "ಯಾರೋ ಮೇಡಂ," ಅಂದಳು ಮೇಘಶ್ರೀ. ಪ್ರಮೀಳಾ ಇಳಿದು ನ್ಯಾಮತಿಯ ಬಸ್ಸು ನಿಲ್ಲುವ ಕಡೆಗೆ ನಡೆದಳು. ಬಿಸಿಲು ಆಗಲೇ ಏರಿತ್ತು. ಶಾಲೆಗೆ ತಡವಾಗುತ್ತಿತ್ತು.